ದನದ ಡಾಕ್ಟ್ರ ಇಂಜಿನ್ ಹುಚ್ಚು

ಇಂಥವೆಲ್ಲ ನಮ್ಮ ಮನೆಯನ್ನೇ ಯಾಕೆ ಹುಡುಕಿಕೊಂಡು ಬರುತ್ತವೆ ಅಂತ ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಬರುತ್ತವೆ, ಅಷ್ಟೆ. ಒಂದು ಮುಗಿಯಿತು ಅಂತ ಕಾಫಿ ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಮ್ಮನೆಯವರು ಶಿಡ್ಲಘಟ್ಟದಲ್ಲಿ ದನದ ಡಾಕ್ಟ್ರು. ನಾನು ಅಲ್ಲೇ ಪ್ರೈಮರಿ ಶಾಲೆಯಲ್ಲಿ ಟೀಚರ್. ಅವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಸಿಟ್ಟು ಕೂಡ ಕಡಿಮೆ. ಇರುವುದು ಒಂದೇ ಹುಚ್ಚು, ಹಳೇ ಇಂಜಿನ್. ಹೊಸ ಕಾರು ಪಕ್ಕದಲ್ಲಿ ಬಂದು ನಿಂತರೂ ತಿರುಗಿ ನೋಡುವವರಲ್ಲ. ಆಳೆತ್ತರದ ಚಕ್ರ, ನೀರಿನ ಕೊಡದಂಥ ಪಿಸ್ಟನ್, ಊಟ ಮುಗಿಸಿದ ಹಿರಿಯರು ನಡೆದ ಹಾಗೆ ನಿಧಾನವಾಗಿ 'ಡುಗ್, ಡುಗ್' ಅನ್ನುವ ಸದ್ದು, ಇವಿಷ್ಟಿದ್ದರೆ ಊಟ ತಿಂಡಿ ಮರೆಯುತ್ತಾರೆ. ಒಂದು ಕಾಲದಲ್ಲಿ ನಮ್ಮ ಕಡೆ ಬಾವಿಯಿಂದ ನೀರೆತ್ತಿದ್ದು, ಗಿರಣಿ ಓಡಿಸಿದ್ದು, ಟೆಂಟ್ ಸಿನಿಮಾಕ್ಕೆ ಕರೆಂಟು ಕೊಟ್ಟಿದ್ದು ಎಲ್ಲ ಇವೇ. ಬೋರ್‌ವೆಲ್ ಬಂದ ಮೇಲೆ ಶೆಡ್ಡುಗಳಲ್ಲಿ ಮೂಲೆ ಸೇರಿದವು. ಕೋಳಿಗಳು ಅವುಗಳ ಮೇಲೆ ಮೊಟ್ಟೆಯಿಡಲು ಶುರು ಮಾಡಿದವು. ದನ ನೋಡಲು ಹಳ್ಳಿ ಹಳ್ಳಿ ತಿರುಗುವ ಇವರ ಕಣ್ಣಿಗೆ ಕೊಟ್ಟಿಗೆಗಿಂತ ಮೊದಲು ಬೀಳುವುದು ಆ ಶೆಡ್ಡೇ.

ಹೆಣ್ಣು ನೋಡಿದ್ದು

ಅವರು ನನ್ನನ್ನು ನೋಡಲು ಕೆಂಚಾರ್ಲಹಳ್ಳಿಗೆ ಬಂದದ್ದು ಒಂದು ಭಾನುವಾರ. ನಡುಮನೆಯಲ್ಲಿ ಎರಡೂ ಕಡೆ ಹಿರಿಯರು ಕೂತು ಮಳೆ, ಬೆಳೆ, ರೇಷ್ಮೆಗೂಡಿನ ವಿಷಯ ಮಾತಾಡುತ್ತಿದ್ದರು. ನಾನು ಉಪ್ಪಿಟ್ಟು ತಂದಿಟ್ಟೆ. ಹುಡುಗ ಒಂದು ಸಲ ನನ್ನನ್ನು ನೋಡಿದ್ದೇ ಹೆಚ್ಚು, ಅಷ್ಟರಲ್ಲಿ ಪಕ್ಕದ ತೋಟದ ಬಾವಿಯ ಹತ್ತಿರ ಇಂಜಿನ್ ಶುರುವಾಯಿತು. ಮೂರು ಸಲ ಸರಿಯಾಗಿ ಬಡಿದು ನಾಲ್ಕನೆಯದನ್ನು ನುಂಗಿಬಿಡುವ ಇಂಜಿನ್ ಅದು. ಚಿಕ್ಕಂದಿನಿಂದ ಅದೇ ಕುಂಟು ಸದ್ದು ಕೇಳಿಕೊಂಡೇ ನಾವು ಬೆಳೆದದ್ದು.

ಹುಡುಗನ ಕೈಯಲ್ಲಿದ್ದ ಚಮಚ ನಿಂತಿತು. ಒಂದು ನಿಮಿಷ ಬಂದೆ ಅಂತ ಎದ್ದರು. ನಮ್ಮಪ್ಪ ಅರ್ಥವಾದವರ ಹಾಗೆ ಬಚ್ಚಲ ಕಡೆ ಕೈ ತೋರಿಸಿದರು. ಹುಡುಗ ಎದುರು ದಿಕ್ಕಿಗೆ ಹೋದರು.

ಉಪ್ಪಿಟ್ಟು ತಣ್ಣಗಾಯಿತು. ಮಾತು ಮುಗಿದುಹೋಯಿತು. ಹುಡುಗನಿಗೆ ಸ್ವಲ್ಪ ಸಂಕೋಚ ಜಾಸ್ತಿ ಅಂತ ಅವರ ದೊಡ್ಡಪ್ಪ ಎರಡೆರಡು ಸಲ ಹೇಳಿದರು. ಓಡಿಹೋದನೇನೋ ಅನ್ನುವ ಅನುಮಾನ ನಮ್ಮಮ್ಮನ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ನಮ್ಮ ಚಿಕ್ಕಪ್ಪ ಹುಡುಕಿಕೊಂಡು ಹೋಗಿ ಬಂದು, ಹುಡುಗ ಎಲ್ಲೂ ಹೋಗಿಲ್ಲ, ತೋಟದಲ್ಲಿ ಶರ್ಟಿನ ತೋಳು ಮಡಚಿಕೊಂಡು ಇಂಜಿನ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ ಅಂತ ವರದಿ ಕೊಟ್ಟರು. ಒಳಗಿಂದ ನಮ್ಮಜ್ಜಿ ತೆಲುಗಿನಲ್ಲಿ, "ಪಿಲ್ಲನಿ ಚೂಡಮಂಟೆ ಇಂಜಿನ್ ಚೂಸ್ತುನ್ನಾಡಾ" ಅಂದರು. ಹುಡುಗಿ ನೋಡು ಅಂದರೆ ಇಂಜಿನ್ ನೋಡ್ತಿದ್ದಾನಾ ಅನ್ನುವುದು ಎರಡು ಭಾಷೆಯವರಿಗೂ ಅರ್ಥವಾಗಿ ಎಲ್ಲರೂ ನೆಲ ನೋಡಿದರು.

ಹುಡುಗ ವಾಪಸ್ ಬಂದಾಗ ಕೈಯೆಲ್ಲ ಕಪ್ಪು. ಆದರೆ ಹೊರಗಿನ ಸದ್ದು ಬದಲಾಗಿತ್ತು. ನಾಲ್ಕನೆಯದನ್ನು ನುಂಗುತ್ತಿರಲಿಲ್ಲ. ಅಷ್ಟು ವರ್ಷ ಯಾರ ಕೈಯಲ್ಲೂ ಆಗದ್ದು. ನನಗೆ ಅಲ್ಲೇ ಸ್ವಲ್ಪ ಮನಸ್ಸು ಕರಗಿತು.

ಹುಡುಗಿಯನ್ನು ಏನಾದರೂ ಕೇಳುವುದಿದ್ದರೆ ಕೇಳಪ್ಪ ಅಂತ ಹಿರಿಯರು ಅಂದರು. ಅವರು ಗಂಟಲು ಸರಿ ಮಾಡಿಕೊಂಡು, "ಆ ಇಂಜಿನ್ ಅವರು ಮಾರ್ತಾರಾ?" ಅಂತ ಕೇಳಿದರು.

"ಮಾರಲ್ಲ," ಅಂದೆ. "ಆದ್ರೆ ನಮ್ಮ ಸೋದರಮಾವನ ಕೊಟ್ಟಿಗೇಲಿ ಇದಕ್ಕಿಂತ ದೊಡ್ಡದೊಂದು ಸುಮ್ನೆ ಬಿದ್ದಿದೆ."

ಅವರು ದೊಡ್ಡಪ್ಪನ ಕಡೆ ತಿರುಗಿ ಹುಡುಗಿ ಒಪ್ಪಿಗೆ ಅಂತ ಅಲ್ಲೇ ಹೇಳಿದರು. ನನ್ನ ಓದು, ಬಣ್ಣ, ಗುಣ ಯಾವುದನ್ನು ನೋಡಿ ಅಷ್ಟು ಬೇಗ ಒಪ್ಪಿದ ಅಂತ ನೆಂಟರು ಇವತ್ತಿಗೂ ಕೇಳುತ್ತಾರೆ. ಗುಣ ಅಂತ ಹೇಳಿದ್ದೇನೆ.

ಕೆಮ್ಮು

ಮದುವೆಯಾದ ಹೊಸದರಲ್ಲಿ ದಿಬ್ಬೂರಹಳ್ಳಿಯ ಕಡೆ ಒಂದು ಹಸು ಮೇವು ಬಿಟ್ಟಿದೆ ಅಂತ ಕರೆ ಬಂತು. ಇವರು ಹೋಗಿ ಔಷಧಿ ಕೊಟ್ಟು, ಸಂಜೆಗೆಲ್ಲ ಸರಿಹೋಗುತ್ತೆ ಅಂದು ಹೊರಟವರು ಪಕ್ಕದ ಶೆಡ್ಡಿನಲ್ಲಿ ಹಳೇ ಇಂಜಿನ್ ಓಡುತ್ತಿದ್ದದ್ದು ಕೇಳಿ ಅಲ್ಲೇ ನಿಂತರು. ಒಳಗೆ ಏನೋ ಸಣ್ಣಗೆ ಕಟಕಟ ಅನ್ನುತ್ತಿತ್ತಂತೆ. ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ಹೇಗೂ ಇತ್ತು. ಕಿವಿಗೆ ಸಿಕ್ಕಿಸಿಕೊಂಡು ಇಂಜಿನ್ನಿನ ಪಕ್ಕೆಗಿಟ್ಟು ಮೇಲಿಂದ ಕೆಳಗೆ ಪರೀಕ್ಷೆ ಮಾಡಿ ಎಲ್ಲಿ ಸಡಿಲವಾಗಿದೆ ಅಂತ ಹೇಳಿದರು. ಹಸುವಿನ ಮನೆಯ ಅಜ್ಜಿ ಇದನ್ನು ಬೇಲಿಯಾಚೆಯಿಂದ ನೋಡಿ, ನಮ್ಮ ಹಸುವಿಗೆ ಇಷ್ಟು ಹೊತ್ತು ಇಟ್ಟು ನೋಡ್ಲೇ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡರಂತೆ. ಹಸು ಸಂಜೆಗೆ ಮೇವು ತಿಂದದ್ದರಿಂದ ಕ್ಷಮಿಸಿದರು.

ಇದೆಲ್ಲ ನನಗೆ ಗೊತ್ತಿರಲಿಲ್ಲ. ಕೆಲವು ದಿನ ಕಳೆದು ಬೆಳಿಗ್ಗೆ ಬೆಳಿಗ್ಗೆ ಒಬ್ಬ ರೈತರು ಬಾಗಿಲಿಗೆ ಬಂದರು. ಡಾಕ್ಟ್ರು ಸ್ನಾನಕ್ಕೆ ಹೋಗಿದ್ದಾರೆ, ಏನು ವಿಷಯ ಅಂತ ಕೇಳಿದೆ.

ವಯಸ್ಸಾಗಿದೆ ತಾಯಿ, ಬೆಳಿಗ್ಗೆ ಎಬ್ಬಿಸೋದೇ ಕಷ್ಟ, ಇಬ್ಬರು ಹಿಡ್ಕೋಬೇಕು ಅಂದರು. ಎದ್ದ ಮೇಲೆ ವಿಪರೀತ ಕೆಮ್ಮು, ಮೈಯೆಲ್ಲ ನಡುಗುತ್ತೆ. ಸ್ವಲ್ಪ ಬಿಸಿಲೇರಿದರೆ ಪರವಾಗಿಲ್ಲ, ಸಂಜೆವರೆಗೂ ಜೀವ ಗಟ್ಟಿಯಾಗಿರುತ್ತೆ. ಮನೇಲಿ ಎಲ್ಲರೂ ಸಾಕು ಸಾಗಹಾಕು ಅಂತಾರೆ, ನನಗೆ ಮನಸ್ಸು ಬರಲ್ಲ, ನಮ್ಮಪ್ಪನ ಮುಖ ನೋಡಿದ ಹಾಗಾಗುತ್ತೆ ಅಂದಾಗ ಅವರ ಕಣ್ಣು ತುಂಬಿತ್ತು.

ಹಿರಿಯರನ್ನು ಹಾಗೆಲ್ಲ ಸಾಗಹಾಕಬಾರದು ಅಂತ ಹೇಳಿದೆ. ಇವರು ದನದ ಡಾಕ್ಟ್ರು, ಮನುಷ್ಯರನ್ನು ನೋಡಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂದೆ. ಅಲ್ಲಿವರೆಗೆ ಮೆಣಸು ಶುಂಠಿ ಕಷಾಯ ಮಾಡಿಕೊಡಿ, ಬೆಳಿಗ್ಗೆ ಬೆಚ್ಚಗೆ ಹೊದಿಸಿ, ಮುಖ್ಯವಾಗಿ ಬೀಡಿ ಬಿಡಿಸಿ ಅಂದೆ.

ಅವರು ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

"ಬೀಡಿ ಎಲ್ಲಿಂದ ಬಂತಮ್ಮ," ಅಂದರು. "ಅದು ಕುಡಿಯೋದು ಬರೀ ಡೀಸೆಲ್ಲು."

ಬಸ್ಸಿನಲ್ಲಿ ಕೇಳಿದ ಸದ್ದು

ಇವರಿಗೊಂದು ವಾಟ್ಸಾಪ್ ಗ್ರೂಪಿದೆ. ಬೇರೆಯವರ ಗ್ರೂಪಿನಲ್ಲಿ ಶುಭೋದಯ, ಹೂವಿನ ಚಿತ್ರ ಬಂದರೆ ಇವರ ಗ್ರೂಪಿನಲ್ಲಿ ಇಂಜಿನ್ನಿನ ಸದ್ದು ಬರುತ್ತದೆ. ಬೆಳಿಗ್ಗೆ ಎದ್ದು ಒಬ್ಬರ ಇಂಜಿನ್ ಇನ್ನೊಬ್ಬರು ಕೇಳಿ ಆಹಾ ಅನ್ನುತ್ತಾರೆ. ಅದರಲ್ಲಿ ಒಂದು ಸದ್ದನ್ನು ಇವರು ತಮ್ಮ ಫೋನಿನ ರಿಂಗ್‌ಟೋನ್ ಮಾಡಿಕೊಂಡರು. ಮಾಡಿಕೊಂಡದ್ದನ್ನು ಮರೆತರು.

ಮಾರನೇ ದಿನ ಮೀಟಿಂಗ್ ಮುಗಿಸಿ ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿದರು. ಬ್ಯಾಗನ್ನು ಡ್ರೈವರ್ ತಲೆಯ ಹಿಂದಿನ ಕಂಬಿಯ ಮೇಲಿಟ್ಟರು. ಬಸ್ಸು ಊರು ದಾಟಿದ ಮೇಲೆ ಮುಂದಿನಿಂದ 'ಡುಗ್ ಡುಗ್ ಡುಗ್' ಅಂತ ಶುರುವಾಯಿತು. ಡ್ರೈವರ್ ಗಾಬರಿಯಾಗಿ ಬಸ್ಸನ್ನು ಪಕ್ಕಕ್ಕೆ ಹಾಕಿದರು. ನಿಲ್ಲಿಸಿದ ತಕ್ಷಣ ಸದ್ದು ನಿಂತಿತು. ಇಳಿದು ಎಲ್ಲ ನೋಡಿ ಏನೂ ಕಾಣದೆ ಹತ್ತಿ ಹೊರಟರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಅದೇ.

ಈ ಸಲ ನಮ್ಮನೆಯವರಿಗೆ ಕೂರಲಾಗಲಿಲ್ಲ. ತಾವೂ ಇಳಿದು ಹೋಗಿ, ನಿಮ್ಮ ಬಸ್ಸಿನ ಇಂಜಿನ್ ಈ ಥರ ಸದ್ದು ಮಾಡುವ ಜಾತಿಯದಲ್ಲ ಅಂತ ಡ್ರೈವರಿಗೆ ವಿವರಿಸಿದರು. ಇದು ಒಂದೇ ಸಿಲಿಂಡರಿಂದು, ಬಹಳ ಹಳೇದು, ಬಹಳ ಚೆನ್ನಾಗಿ ಇಟ್ಟುಕೊಂಡಿರೋದು, ಇಂಥದ್ದು ಈ ರಸ್ತೆಯಲ್ಲಿ ಎಲ್ಲೋ ಹತ್ತಿರದಲ್ಲೇ ಇದೆ ಅಂತ ಹೇಳಿ ಸುತ್ತಲಿನ ದ್ರಾಕ್ಷಿ ತೋಟದ ಕಡೆ ಆಸೆಯಿಂದ ನೋಡಿದರು. ಪ್ರಯಾಣಿಕರೆಲ್ಲ ಇಳಿದು ಅವರೂ ತೋಟ ನೋಡತೊಡಗಿದರು.

ಅಷ್ಟರಲ್ಲಿ ಖಾಲಿ ಬಸ್ಸಿನೊಳಗಿಂದ ಮತ್ತೆ ಡುಗ್ ಡುಗ್ ಕೇಳಿಸಿತು. ಕಂಡಕ್ಟರ್ ಒಳಗೆ ಹೋಗಿ ಸದ್ದು ಬಂದ ಬ್ಯಾಗನ್ನೇ ತಂದು ಇವರ ಕೈಗೆ ಕೊಟ್ಟರು. ಫೋನ್ ತೆಗೆದರೆ ಈ ಕಡೆ ನಾನು.

"ಏನ್ರೀ, ಎಷ್ಟು ಸಲ ಮಾಡೋದು? ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ," ಅಂದೆ.

ಡ್ರೈವರ್ ಏನು ಬೈದರೋ ಅಂತ ಆಮೇಲೆ ಕೇಳಿದೆ. ಬೈಯಲಿಲ್ಲವಂತೆ. ಆ ಸದ್ದು ನನಗೂ ಕಳಿಸಿ ಸಾರ್ ಅಂತ ನಂಬರ್ ಕೊಟ್ಟರಂತೆ. ಈಗ ಅವರೂ ಗ್ರೂಪಿನಲ್ಲಿದ್ದಾರೆ.

ನಾಲ್ಕನೇ ಜ್ವರ

ನಮ್ಮ ಸೋದರಮಾವನ ಕೊಟ್ಟಿಗೆಯ ಇಂಜಿನ್ ಕೊನೆಗೂ ನಮ್ಮ ಮನೆಗೆ ಬಂತು. ಬೇರೆ ಹೆಣ್ಣುಮಕ್ಕಳಿಗೆ ತವರಿನಿಂದ ಬೀರು, ಮಂಚ ಬರುತ್ತದೆ. ನನಗೆ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಇದು ಬಂತು. ಹಿತ್ತಲಲ್ಲಿ ಕಾಂಕ್ರೀಟ್ ಹಾಕಿಸಿ ಅದನ್ನು ಕೂರಿಸಿದರು. ನಮ್ಮತ್ತೆ ಅದನ್ನು ಒಂದು ಸುತ್ತು ಹಾಕಿ ನೋಡಿ, ಇಷ್ಟು ಜಾಗದಲ್ಲಿ ಎರಡು ಎಮ್ಮೆ ಕಟ್ಟಬಹುದಿತ್ತು ಅಂದು ಒಳಗೆ ಹೋದರು.

ಇವರು ರಜಾ ದಿನಗಳನ್ನೆಲ್ಲ ಅದರ ಮುಂದೆಯೇ ಕಳೆದು, ಬಿಚ್ಚಿ, ತೊಳೆದು, ಜೋಡಿಸಿ ಕೊನೆಗೆ ಒಂದು ಭಾನುವಾರ ಸ್ಟಾರ್ಟ್ ಮಾಡುವುದು ಅಂತ ತೀರ್ಮಾನಿಸಿದರು. ಆಗ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅವರದು ರೇಷ್ಮೆ ಸಾಕಣೆ, ಹುಳದ ಮನೆ ನಮ್ಮ ಗೋಡೆಗೆ ಅಂಟಿಕೊಂಡೇ ಇದೆ.

"ಡಾಕ್ಟ್ರೇ, ನಮ್ಮ ಹುಳ ನಾಲ್ಕನೇ ಜ್ವರದಲ್ಲಿವೆ," ಅಂದರು ಅವರು, ತಗ್ಗಿದ ದನಿಯಲ್ಲಿ.

ಜ್ವರ ಅಂದರೆ ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ನಿಂತು ಪೊರೆ ಕಳಚುವ ಸಮಯ. ಆಗ ಹೊಗೆಯೂ ಆಗದು, ಗದ್ದಲವೂ ಆಗದು ಅನ್ನುತ್ತಾರೆ. ಆ ಮನೆಯ ಮಗಳ ಕಾಲೇಜು ಆ ಬೆಳೆಯ ಮೇಲೆ ನಿಂತಿತ್ತು. ಇವರು ಹ್ಯಾಂಡಲ್ ಕೆಳಗಿಟ್ಟರು. ಹುಳ ಜ್ವರದಿಂದ ಎದ್ದವು, ಸೊಪ್ಪು ತಿಂದವು, ಮೈ ಮಾಗಿ ಹಣ್ಣಾಗಿ ಗೂಡು ಕಟ್ಟಿದವು. ಅಲ್ಲಿವರೆಗೂ ಇವರು ಬೆಳಿಗ್ಗೆ ಸಂಜೆ ಇಂಜಿನ್ ಒರೆಸುವುದು, ಗೋಡೆಯ ಕಡೆ ನೋಡುವುದು, ನಿಟ್ಟುಸಿರು ಬಿಡುವುದು. ನಮ್ಮ ಮನೆಯಲ್ಲಿ ಮಿಕ್ಸಿ ಕೂಡ ಮೆತ್ತಗೆ ಓಡಿತು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಸಾಗಿಸಿದ ದಿನ ಪಕ್ಕದ ಮನೆಯವರು ತಾವೇ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು, ಬೆಳೆ ಚೆನ್ನಾಗಿ ಬಂತು, ಈಗ ಹೊಡೀರಿ ಡಾಕ್ಟ್ರೇ ಅಂತ ಕುರ್ಚಿ ಹಾಕಿಕೊಂಡು ಕೂತರು.

ಹೊಡೆದರು. ಮೊದಲು ಹೊಗೆಯಲ್ಲಿ ಬೀದಿಯೆಲ್ಲ ಕಪ್ಪಾಯಿತು. ಆಮೇಲೆ ಮನೆ ನಡುಗಿತು. ಅಡುಗೆಮನೆಯಲ್ಲಿ ಲೋಟಗಳು ತಾವಾಗಿ ನಡೆಯತೊಡಗಿದವು. ನಡುಮನೆಯ ಅಟ್ಟದ ಹಲಗೆ ಗಡಗಡ ಅಲ್ಲಾಡಿ ಅದರ ಸಂದಿಯಿಂದ ಏನೋ ಜಾರಿ ದಿವಾನದ ಮೇಲೆ ಬಿತ್ತು. ನೋಡಿದರೆ ನಮ್ಮತ್ತೆಯ ಕನ್ನಡಕ. ಯುಗಾದಿ ಸಮಯದಲ್ಲಿ ಕಳೆದುಹೋಗಿತ್ತು. ಧೂಳು ಹೊಡೆಯುವಾಗ ಸೊಸೆಯೇ ಕಸದ ಜೊತೆ ಎಸೆದಳು ಅಂತ ಅತ್ತೆ ಅಲ್ಲಿಂದ ಇಲ್ಲಿವರೆಗೆ ನೆಂಟರಿಗೆಲ್ಲ ಹೇಳಿದ್ದರು.

ಅತ್ತೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ನನ್ನನ್ನು ನೋಡಲಿಲ್ಲ. ನೇರವಾಗಿ ಹಿತ್ತಲ ಬಾಗಿಲಿಗೆ ಹೋದರು. ಅಷ್ಟರಲ್ಲಿ ಇವರು ಹೆದರಿ ಇಂಜಿನ್ ನಿಲ್ಲಿಸಿದ್ದರು.

"ಇನ್ನೊಂದ್ಸಲ ಹೊಡಿಯಪ್ಪ," ಅಂದರು ಅತ್ತೆ. "ನನ್ನ ಎಲೆಅಡಿಕೆ ಡಬ್ಬಿ ಮುಚ್ಚಳನೂ ಸಿಕ್ಕಿಲ್ಲ."

ಅಮ್ಮ ಮಲಗಿದಾರೆ

ಹೋದ ವರ್ಷ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಗೌರಿಬಿದನೂರಿನ ಹತ್ತಿರ ಮುಚ್ಚಿಹೋದ ಒಂದು ಕಡಲೇಕಾಯಿ ಎಣ್ಣೆ ಮಿಲ್ಲಿನಲ್ಲಿ ಇದ್ದ ಇಂಜಿನ್ನಿನದು. ಚಕ್ರದ ಪಕ್ಕದಲ್ಲಿ ನಿಂತ ಮನುಷ್ಯ ಮಗುವಿನ ಹಾಗೆ ಕಾಣುತ್ತಿದ್ದ. ಕೆಳಗೆ, ಶನಿವಾರ ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಗುಜರಿಗೆ ಹಾಕ್ತಾರಂತೆ ಅಂತ ಬರೆದಿತ್ತು. ಇವರು ಊಟದ ತಟ್ಟೆ ಮುಂದಿಟ್ಟುಕೊಂಡು ಮುದ್ದೆ ಮುರಿಯದೆ ಕೂತರು. ನಾನೂ ಬರ್ತೀನಿ ಅಂದೆ.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು. ಚಿಂತಾಮಣಿಯಿಂದ ಇವರ ಗೆಳೆಯರೊಬ್ಬರು ಬಂದರು. ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದವರು, ಜನರೇಟರುಗಳನ್ನು ಓಡಿಸಿ ಕಿವಿ ಸ್ವಲ್ಪ ಮಂದ. ಮಿಲ್ಲಿನ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ, ಎಂಬತ್ತರ ಹತ್ತಿರದ ಅಮ್ಮ, ಮಗನ ಜೊತೆ ಮಿಲ್ಲಿಗೆ ಅಂಟಿಕೊಂಡ ಮನೆಯಲ್ಲೇ ಇದ್ದರು. ಮಗ ಒಳ್ಳೆಯವರೇ. ಗೋದಾಮು ಕಟ್ಟಬೇಕು ಸಾರ್, ಜಾಗ ಬೇಕು, ಗುಜರಿಯವರು ಮಧ್ಯಾಹ್ನ ಬರ್ತಾರೆ ಅಂದರು. ಇವರು, ಕತ್ತರಿಸೋ ಮುಂಚೆ ಒಂದೇ ಒಂದು ಸಲ ಓಡಿಸಿ ನೋಡ್ತೀವಿ ಅಂತ ಕೈ ಮುಗಿದು ಕೇಳಿದರು. ಅಮ್ಮ ಜಗಲಿಯಿಂದಲೇ, ಓಡಿಸ್ಲಿ ಬಿಡಪ್ಪ, ಅವರು ಹೋದ ಮೇಲೆ ಅದನ್ನ ಯಾರೂ ಮುಟ್ಟಿಲ್ಲ ಅಂದರು.

ಇದು ಹ್ಯಾಂಡಲ್ ಹೊಡೆದರೆ ಏಳುವ ಇಂಜಿನ್ನಲ್ಲ, ಒಳಗೆ ಗಾಳಿ ನುಗ್ಗಿಸಿ ಎಬ್ಬಿಸಬೇಕು. ರಸ್ತೆಯ ಪಂಚರ್ ಅಂಗಡಿಯವರ ಕಂಪ್ರೆಸರ್ ತಂದರು. ಎಣ್ಣೆ ಹಾಕಿದರು, ಉಜ್ಜಿದರು, ಬೇಡಿಕೊಂಡರು. ಮೊದಲ ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಎರಡನೇ ಸಲ ಒಳಗಿಂದ ಒಂದು ಪಾರಿವಾಳದ ಗೂಡು ಹಾರಿಬಂತು. ಮೂರನೇ ಸಲ ಆ ದೊಡ್ಡ ಚಕ್ರ ಅರ್ಧ ಸುತ್ತಿ, ಯೋಚನೆ ಮಾಡಿ, ಪೂರ್ತಿ ಸುತ್ತಿತು. ಆಮೇಲೆ ಭೂಮಿಯೊಳಗಿಂದ ಬಂದ ಹಾಗೆ ಸದ್ದು. ನನ್ನ ಎದೆಯೊಳಗೇ ಬಡಿಯುತ್ತಿದೆ ಅನ್ನಿಸಿತು. ಇವರೂ ಆಪರೇಟರೂ ಒಬ್ಬರನ್ನೊಬ್ಬರು ನೋಡಿಕೊಂಡು ಅಳುವುದೊಂದು ಬಾಕಿ.

ಅಮ್ಮ ಕೋಲೂರಿಕೊಂಡು ಬಂದು ಇಂಜಿನ್ ಪಕ್ಕದಲ್ಲಿದ್ದ ಹಳೇ ಈಸಿಚೇರಿನಲ್ಲಿ ಕೂತರು. ಯಜಮಾನರ ಕುರ್ಚಿಯಂತೆ ಅದು. ಸ್ವಲ್ಪ ಹೊತ್ತಿಗೆ ನೋಡಿದರೆ ಅವರ ತಲೆ ಪಕ್ಕಕ್ಕೆ ವಾಲಿತ್ತು. ನನಗೆ ಜೀವ ಹಾರಿತು. ಮಗ ಓಡಿಬಂದು ಬಗ್ಗಿ ನೋಡಿ ನನ್ನ ಕಿವಿಯ ಹತ್ತಿರ, ನಿದ್ದೆ ಮಾಡ್ತಿದಾರೆ ಮೇಡಂ ಅಂದರು. ಅಪ್ಪ ಹೋದಾಗಿನಿಂದ ಅಮ್ಮನಿಗೆ ಮಾತ್ರೆ ಕೊಟ್ಟರೂ ಸರಿಯಾಗಿ ನಿದ್ದೆಯಿಲ್ಲವಂತೆ. ಮದುವೆಯಾಗಿ ಬಂದ ದಿನದಿಂದ ಈ ಸದ್ದಿನ ಪಕ್ಕದಲ್ಲೇ ಮಲಗಿದವರು.

ಇವರು ಇಂಜಿನ್ ನಿಲ್ಲಿಸಲು ಸಣ್ಣಗೆ ಮಾಡಿದರು. ಅಮ್ಮ ಕಣ್ಣು ಬಿಟ್ಟರು.

"ಎಂದುಕು ಆಪ್ತಾರು? ಯಾಕೆ ನಿಲ್ಲಿಸ್ತೀರಾ?" ಅಂದರು. ಇವರು ಮತ್ತೆ ಜೋರು ಮಾಡಿದರು. ಅಮ್ಮ ಮತ್ತೆ ಮಲಗಿದರು.

ಅಷ್ಟರಲ್ಲಿ ಗುಜರಿಯವರ ಲಾರಿ ಬಂತು. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದ ಗುಜರಿಯವರಿಗೆ ಮಗ ತುಟಿಯ ಮೇಲೆ ಬೆರಳಿಟ್ಟು ಅಮ್ಮನನ್ನು ತೋರಿಸಿದರು. ಮಿಲ್ಲಿನ ತಗಡೆಲ್ಲ ಅದುರುವ ಆ ಗುಡುಗಿನ ನಡುವೆ ನಾವೆಲ್ಲ ತುದಿಗಾಲಲ್ಲಿ ಓಡಾಡುತ್ತಿದ್ದೆವು. ಪಿಸುಮಾತಿನಲ್ಲಿ ಮಾತಾಡುತ್ತಿದ್ದೆವು. ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ, ಆದರೂ ಪಿಸುಮಾತೇ. ಗುಜರಿಯವರ ಕೈಯಿಂದ ಒಂದು ಸ್ಪ್ಯಾನರ್ ಜಾರಿ ಬಿದ್ದಾಗ ಎಲ್ಲರೂ ತಿರುಗಿ ಅವರನ್ನು ಗುರಾಯಿಸಿದೆವು. ಅವರು ಕಿವಿ ಹಿಡಿದುಕೊಂಡು ತಪ್ಪಾಯಿತು ಅಂದರು. ಕಿವಿ ಮಂದದ ಆಪರೇಟರ್ ಕೂಡ ಅವರಿಗೆ ಮೆತ್ತಗೆ ನಡೀರಿ ಅಂತ ಸನ್ನೆ ಮಾಡಿದರು.

ಅಮ್ಮ ಏಳಲಿ, ಆಮೇಲೆ ಕತ್ತರಿಸಿದರಾಯಿತು ಅಂತ ಗುಜರಿಯವರು ಮೂಟೆಯ ಮೇಲೆ ಕೂತರು. ಅಮ್ಮ ಏಳಲಿಲ್ಲ. ಮಧ್ಯಾಹ್ನ ಕಳೆಯಿತು. ಇವರು ಟ್ಯಾಂಕಿನೊಳಗೆ ಕಡ್ಡಿ ಬಿಟ್ಟು ನೋಡಿ ಮುಖ ಸಣ್ಣ ಮಾಡಿದರು. ಡೀಸೆಲ್ ಮುಗಿಯುತ್ತಾ ಬಂದಿತ್ತು, ಬಂಕು ದೂರ. ಎಲ್ಲರೂ ಅಮ್ಮನ ಮುಖ ನೋಡಿದೆವು. ಬಾಯಿ ಸ್ವಲ್ಪ ತೆರೆದು, ಕೈ ಮಡಿಲಲ್ಲಿಟ್ಟು, ಕೂಸು ಮಲಗಿದ ಹಾಗೆ ಮಲಗಿದ್ದರು. ಮಗ ಕಣ್ಣೊರೆಸಿಕೊಂಡರು.

ಎದ್ದವರು ಗುಜರಿಯವರೇ. ತುದಿಗಾಲಲ್ಲಿ ಹೊರಗೆ ಹೋಗಿ ತಮ್ಮ ಲಾರಿಯ ಟ್ಯಾಂಕಿಗೆ ಪೈಪ್ ಹಾಕಿ ಕ್ಯಾನ್ ತುಂಬಿಸಿ ತಂದು ಕೊಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕ್ಯಾನ್. ಆಮೇಲೆ ಇನ್ನೊಂದು.

ಬಿಸಿಲು ಇಳಿಯುವ ಹೊತ್ತಿಗೆ ಅಮ್ಮ ತಾವಾಗಿ ಎದ್ದು, ಮೈ ಮುರಿದು, ಎಲ್ಲರಿಗೂ ಕಾಫಿ ಆಯ್ತಾ ಅಂತ ಕೇಳಿದರು. ಮಗ ಗುಜರಿಯವರ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದರು. ಅವರು ಕೈ ಅಡ್ಡ ಮಾಡಿ, "ಬೇಡ ಬಿಡಣ್ಣ, ಗೋದಾಮು ಆ ಕಡೆ ಕಟ್ಕೊ," ಅಂದು ಸಿಲಿಂಡರ್ ಉರುಳಿಸಿಕೊಂಡು ಲಾರಿ ಹತ್ತಿದರು.

ಲಾರಿ ಸ್ಟಾರ್ಟ್ ಆಗಲಿಲ್ಲ. ಟ್ಯಾಂಕಿನಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ, ಪೈಪಿಗೆ ಗಾಳಿ ಹಿಡಿದಿತ್ತು. ಇವರೂ ಆಪರೇಟರೂ ಬಗ್ಗಿ ಎದ್ದು ನೋಡಿ, ಇದು ತೀರಾ ಹೊಸ ಇಂಜಿನ್, ನಮಗೆ ಅಷ್ಟು ತಿಳಿಯಲ್ಲ ಅಂದುಬಿಟ್ಟರು. ಕತ್ತಲಾಗುವ ಮುಂಚೆ ಹಗ್ಗ ಕಟ್ಟಿ, ಟ್ರ್ಯಾಕ್ಟರಿನಲ್ಲಿ ಎಳೆದುಕೊಂಡು ಮಿಲ್ಲಿನ ಗೇಟು ದಾಟಿಸಿದ್ದು ಆ ಲಾರಿಯನ್ನು.